ಅಜ್ಜಿಯ ನೆತ್ತಿಗೆ ಹಿಡಿ ಮಣ್ಣು

ನಮ್ಮಮ್ಮನನ್ನು ಯಾರಾದರೂ "ರಷ್ಯಾದವರಾ?" ಎಂದು ಕೇಳಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ರಾಜಾಜಿನಗರದ ತರಕಾರಿ ಗಾಡಿಯವನಿಗೆ, ಹಾಲಿನ ಬೂತಿನವನಿಗೆ, ನನ್ನ ಶಾಲೆಯ ಟೀಚರಿಗೆ, ಎಲ್ಲರಿಗೂ ಅವಳ ಉತ್ತರ ಒಂದೇ: "ನಾವು ಕೊಸಾಕರು." ಇದರಿಂದ ಕೇಳಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಹಾಲಿನ ಬೂತಿನವನು ಒಮ್ಮೆ "ಲಿಂಗಾಯತರಲ್ಲೇ ಒಂದು ಪಂಗಡನಾ ಆಂಟಿ?" ಎಂದು ಕೇಳಿದ್ದ. ಅಮ್ಮ ಸ್ವಲ್ಪ ಯೋಚಿಸಿ "ಹೆಚ್ಚು ಕಡಿಮೆ" ಅಂದಿದ್ದಳು. ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಅಪ್ಪ ಇಂಜಿನಿಯರಿಂಗ್ ಓದಲು ಹೋಗಿದ್ದ ದಕ್ಷಿಣ ರಷ್ಯಾದ ಕುಬಾನ್ ನದಿಯ ದಂಡೆಯ ಊರಿನಿಂದ ಅವಳನ್ನು ಮದುವೆಯಾಗಿ ಕರೆತಂದಾಗ, ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಎರಡು ಷರತ್ತು ಹಾಕಿದ್ದಳಂತೆ: ಮಾಂಸ ಬಿಡಬೇಕು, ಲಿಂಗ ಕಟ್ಟಿಸಿಕೊಳ್ಳಬೇಕು. ಅಮ್ಮ ಎರಡಕ್ಕೂ ಒಪ್ಪಿದಳು. ಗಲ್ಯಾ ಎಂಬ ಹೆಸರು ಅಜ್ಜಿಯ ನಾಲಿಗೆಗೆ ಒಗ್ಗದೆ ಗಂಗಾ ಆಯಿತು, ಅದಕ್ಕೂ ಒಪ್ಪಿದಳು. ಆದರೆ ಕೊಸಾಕಳಲ್ಲ ಅನ್ನಿಸಿಕೊಳ್ಳಲು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ಮನೆ ಕಟ್ಟಿಸಿದವರು ತಾತ. ದಾವಣಗೆರೆಯ ಬಟ್ಟೆ ವ್ಯಾಪಾರಿ ಅವರು; ಬಿನ್ನಿಪೇಟೆಯ ಮಿಲ್ಲಿನ ಬಟ್ಟೆ ಕೊಂಡು ಊರಿಗೆ ಕಳಿಸಲು ಬೆಂಗಳೂರಿಗೆ ಓಡಾಡಿ ಓಡಾಡಿ, ಕಡೆಗೆ ಇಲ್ಲೇ ನಿಂತರು. ಮುಂದೆ ಕಬ್ಬಿಣದ ಗ್ರಿಲ್ಲಿನ ವರಾಂಡ, ಆಮೇಲೆ ರೆಡ್‌ಆಕ್ಸೈಡ್ ನೆಲದ ಹಾಲು, ಹಾಲಿಗೆ ಹೊಂದಿಕೊಂಡು ದೇವರ ಕೋಣೆ, ಹಿಂದೆ ಅಡುಗೆಮನೆ, ಅದರ ಪಕ್ಕ ಯಾವಾಗಲೂ ಬೀಗ ಹಾಕಿರುತ್ತಿದ್ದ ಉಗ್ರಾಣ, ಹಿತ್ತಿಲಲ್ಲಿ ತಾಮ್ರದ ಹಂಡೆಯ ಬಚ್ಚಲಮನೆ. ದೊಡ್ಡಪ್ಪ ದೊಡ್ಡಮ್ಮ ಮುಂದಿನ ರೂಮಿನಲ್ಲಿ, ಅಪ್ಪ ಅಮ್ಮ ನಾನು ಮಹಡಿಯಲ್ಲಿ. ಚಿಕ್ಕಪ್ಪ ಮಾತ್ರ ನಂದಿನಿ ಲೇಔಟ್‌ನಲ್ಲಿ ಬೇರೆ ಮನೆ ಮಾಡಿದ್ದರು. ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ತಾತ ಮನೆಯ ಯಜಮಾನರಂತೆ ಕಾಣುತ್ತಿದ್ದರು. ಮನೆ ನಡೆಸುತ್ತಿದ್ದವಳು ಅಜ್ಜಿ. ಉಗ್ರಾಣದ ಬೀಗದ ಕೈ ಅವಳ ಸೊಂಟದಲ್ಲಿರುತ್ತಿತ್ತು. ಯಾರಿಗೆ ಎಷ್ಟು ತುಪ್ಪ, ಯಾವ ಹಬ್ಬಕ್ಕೆ ಏನು ಸಿಹಿ, ಯಾರ ಮನೆಯ ಮದುವೆಗೆ ಯಾವ ಸೀರೆ, ಎಲ್ಲ ಅಲ್ಲಿಂದಲೇ ಹೊರಡಬೇಕು. ತಾತನಿಗೆ ಎರಡನೇ ಸಲ ಕಾಫಿ ಬೇಕೆಂದರೂ ಅವರು ಅಡುಗೆಮನೆ ಬಾಗಿಲಿಗೆ ಬಂದು ಕೆಮ್ಮುತ್ತಿದ್ದರು.

ಅಮ್ಮನಿಗೂ ಅಜ್ಜಿಗೂ ದಿನ ಬೆಳಗಾದರೆ ಜಗಳ. ಅಮ್ಮನಿಗೆ ಜೋಳದ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಲಟ್ಟಣಿಗೆ ತಗೊಂಡರೆ ಅಜ್ಜಿ ಕಿತ್ತುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ತನ್ನ ಊರಿನ ತಿಂಡಿ ಮಾಡಿದಳು: ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಹಾಲು ಒಡೆಸಿ ಹಿಂಡಿದ ಗಟ್ಟಿ ತುಂಬಿ, ಅಂಚು ಒತ್ತಿ, ಕುದಿಯುವ ನೀರಿನಲ್ಲಿ ಬೇಯಿಸಿದ್ದು. ಅಜ್ಜಿ ಒಂದನ್ನು ಮುರಿದು ನೋಡಿದಳು.

"ಇದು ಕಡುಬು. ಹೂರಣ ಹಾಕೋದು ಮರ್ತೀಯ."

"ಕಡುಬಲ್ಲ ಅತ್ತೆ. ವರೇನಿಕಿ. ನಮ್ಮ ಕೊಸಾಕರು ಮಾಡೋದು."

"ನಿಮ್ಮ ಕೊಸಾಕರು ನಮ್ಮ ಕಡುಬು ಎಲ್ಲಿ ನೋಡಿದ್ರೋ ಏನೋ," ಅಂದು ಅಜ್ಜಿ ಇನ್ನೂ ನಾಲ್ಕು ತಟ್ಟೆಗೆ ಹಾಕಿಕೊಂಡಳು. ಬೈಯುತ್ತ ಬೈಯುತ್ತಲೇ ಎಲ್ಲ ತಿಂದಳು. ಅವರಿಬ್ಬರ ಜಗಳ ಎಂದರೆ ಹೀಗೇ. ಅಮ್ಮನ ಕನ್ನಡವೆಲ್ಲ ಆ ಜಗಳದಲ್ಲೇ ಕಲಿತದ್ದು, ಆದ್ದರಿಂದ ಅದರಲ್ಲಿ ಅರ್ಧ ದಾವಣಗೆರೆ, ಉಳಿದರ್ಧ ತರಕಾರಿ ಗಾಡಿಯ ಬೆಂಗಳೂರು.

ಅಜ್ಜಿ ಮಲಗಿದ ಮೇಲೆ ಮಧ್ಯಾಹ್ನದ ಹೊತ್ತು ಅಮ್ಮ ನನಗೆ ತನ್ನವರ ಕತೆ ಹೇಳುತ್ತಿದ್ದಳು. ಮೊದಲು ಕಿಟಕಿ ಹಾಕುತ್ತಿದ್ದಳು. ಪಕ್ಕದ ಮನೆಯ ಕುಕ್ಕರ್ ಬಿಟ್ಟರೆ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಆದರೆ ಅವಳ ಅಜ್ಜಿ ಅವಳಿಗೆ ಹಾಗೆಯೇ ಕಿಟಕಿ ಹಾಕಿ ಹೇಳಿದ್ದು, ಆ ಅಭ್ಯಾಸ ಹೋಗಿರಲಿಲ್ಲ. ಕೊಸಾಕರೆಂದರೆ ಧಣಿಗಳ ಆಳಾಗಿರಲು ಒಪ್ಪದೆ ಓಡಿಹೋದವರಂತೆ. ಹುಲ್ಲುಗಾವಲಿನ ಅಂಚಿಗೆ ಬಂದು, ನದಿಯ ದಂಡೆಗಳಲ್ಲಿ ಊರು ಕಟ್ಟಿ, ಕುದುರೆ ಸಾಕಿ, ತಮಗೆ ತಾವೇ ದೊರೆಗಳಾಗಿ ಇದ್ದರಂತೆ. ಆಮೇಲೆ ರಾಜರು ಅವರಿಗೇ ಭೂಮಿ ಕೊಟ್ಟು ಗಡಿ ಕಾಯಲು ನಿಲ್ಲಿಸಿದರು. ಪ್ರತಿಯಾಗಿ ಗಂಡುಮಕ್ಕಳನ್ನು ಯುದ್ಧಕ್ಕೆ ಕೇಳಿದರು. ಹಾಗೆ ಓಡಿಹೋದವರ ಮೊಮ್ಮಕ್ಕಳೇ ರಾಜನ ಕಡೆ ನಿಂತು ಬಡವರ ಮೇಲೆ ಚಾವಟಿ ಬೀಸಿದ್ದೂ ಉಂಟು. ಅಮ್ಮ ಅದನ್ನೇನೂ ಮುಚ್ಚಿಡುತ್ತಿರಲಿಲ್ಲ. ರಾಜ ಹೋಗಿ ಹೊಸ ಸರ್ಕಾರ ಬಂದ ಮೇಲೆ ಕೊಸಾಕ ಎನ್ನುವುದೇ ಅಪರಾಧವಾಯಿತು. ಕೇಳಿದಷ್ಟು ಧಾನ್ಯ ಕೊಡಲಿಲ್ಲವೆಂದು ಅವಳ ಅಜ್ಜಿಯ ಊರಿಗೆ ಊರನ್ನೇ ಗಾಡಿಗೆ ತುಂಬಿ ಉತ್ತರದ ಚಳಿಗೆ ಕಳಿಸಿದರು. ವರ್ಷಗಳ ಮೇಲೆ ಆ ಅಜ್ಜಿ ಹಿಂದಿರುಗಿದಾಗ ಅವಳ ಮನೆಯಲ್ಲಿ ಬೇರೆಯವರಿದ್ದರು. ಆ ಮನೆಯ ಮುಂದೆ ಹಾದುಹೋಗುವಾಗ ಅವಳು ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲವಂತೆ.

"ಹೋಗ್ತೀಯಾ ಅಂತ ಕೂಡ ಯಾರೂ ಕೇಳ್ಲಿಲ್ಲ ಅವಳನ್ನ," ಎಂದು ಅಮ್ಮ ಪ್ರತಿಸಲ ಹೇಳುತ್ತಿದ್ದಳು. "ಕೊಸಾಕರಲ್ಲಿ ಕೇಳದೆ ಏನೂ ಮಾಡಬಾರದು. ಅದಕ್ಕೇ ಕ್ರುಗ್ ಇರೋದು."

ಕ್ರುಗ್ ಎಂದರೆ ಬಳೆಯಾಕಾರ. ಊರಿನ ವಿಷಯ ಏನೇ ಇರಲಿ, ಎಲ್ಲರೂ ಸುತ್ತ ನಿಂತು, ಟೋಪಿ ತೆಗೆದು, ಒಬ್ಬರಾದ ಮೇಲೆ ಒಬ್ಬರು ಮಾತಾಡಿ ತೀರ್ಮಾನಿಸಬೇಕು. ಒಪ್ಪಿಗೆಯಾದರೆ "ಲ್ಯೂಬೊ" ಅನ್ನಬೇಕು. ಅವರ ಮುಖ್ಯಸ್ಥ, ಅತಮಾನನನ್ನು ಆರಿಸುವುದೂ ಅಲ್ಲೇ. ಆರಿಸಿದ ತಕ್ಷಣ ಒಪ್ಪಿಬಿಟ್ಟರೆ ಅವನಿಗೆ ಆಸೆ ಇದೆ ಎಂದು ಅರ್ಥ. ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪಬೇಕು. ಇದು ನನಗೆ ವಿಚಿತ್ರ ಅನ್ನಿಸಲಿಲ್ಲ. ನಮ್ಮ ನೆಂಟರು ಉಪ್ಪಿಟ್ಟಿಗೆ ಹಾಗೇ ಮಾಡುತ್ತಿದ್ದರು.

ನನಗೆ ಹತ್ತು ವರ್ಷವಿದ್ದಾಗ ತಾತ ತೀರಿಕೊಂಡರು. ಶಿವಗಣಾರಾಧನೆಯ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ದೊಡ್ಡಪ್ಪ ಬೆತ್ತದ ಕುರ್ಚಿಯನ್ನು ವರಾಂಡದಿಂದ ಹಾಲಿಗೆ ತರಿಸಿ ಅದರಲ್ಲಿ ಕೂತರು. ಅವರು ಕೆಟ್ಟವರಲ್ಲ. ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಯಾವುದಕ್ಕೂ ಒಂದು ವ್ಯವಸ್ಥೆ ಇರಬೇಕು ಅನ್ನುವವರು.

"ಅವ್ವ, ಇನ್ನು ನೀನು ದಣೀಬಾರ್ದು. ಬೀಗದ ಕೈ ಕೊಡು. ಮುಂದಿನ ತಿಂಗಳಿಂದ ಸ್ವಲ್ಪ ಕಾಲ ನಂದಿನಿ ಲೇಔಟ್‌ನಲ್ಲಿ ತಮ್ಮನ ಹತ್ರ ಇರು, ಆಮೇಲೆ ಸ್ವಲ್ಪ ಕಾಲ ದಾವಣಗೆರೇಲಿ ತಂಗಿ ಮನೇಲಿ. ಆಮೇಲೆ ಇಲ್ಲಿ. ಎಲ್ಲ ಮಕ್ಕಳಿಗೂ ಸೇವೆ ಮಾಡೋ ಪುಣ್ಯ ಸಿಗ್ಲಿ."

ಅಜ್ಜಿ ಸೊಂಟದಿಂದ ಬೀಗದ ಕೈ ಬಿಚ್ಚಿ ಅವರ ಅಂಗೈಯಲ್ಲಿಟ್ಟಳು. ಅಪ್ಪ ನೆಲ ನೋಡುತ್ತಿದ್ದರು. ಚಿಕ್ಕಪ್ಪ "ಅಣ್ಣ ಹೇಳಿದ ಹಾಗೆ" ಅಂದರು. ಅವರು ಹುಟ್ಟಿದಾಗಿನಿಂದ ಆಡಿದ ಮಾತು ಅದೊಂದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮಾರನೆಯ ಬೆಳಗ್ಗೆ ಅಜ್ಜಿ ಅಡುಗೆಮನೆಯ ಹೊಸ್ತಿಲ ಆಚೆ ನಿಂತಿದ್ದಳು. ಆ ಹೊಸ್ತಿಲ ಆಚೆ ಅವಳು ನಿಂತದ್ದನ್ನು ನಾನು ನೋಡಿರಲೇ ಇಲ್ಲ.

"ಸ್ವಲ್ಪ ಬೆಲ್ಲ ಬೇಕಿತ್ತು," ಅಂದಳು.

ಉಗ್ರಾಣಕ್ಕೆ ಬೀಗ. ಬೀಗದ ಕೈ ದೊಡ್ಡಪ್ಪನ ಜೇಬಿನಲ್ಲಿ, ದೊಡ್ಡಪ್ಪ ಸ್ನಾನಕ್ಕೆ ಹೋಗಿದ್ದರು. ದೊಡ್ಡಮ್ಮ ಮುಖ ತಿರುಗಿಸಿಕೊಂಡು ಅಳಲು ಶುರುಮಾಡಿದಳು. ಅಮ್ಮ ಒಲೆ ಆರಿಸಿದಳು. ಅಜ್ಜಿ ಬೆಲ್ಲ ಬೇಡವೆಂದು ಹೊರಟುಹೋದಳು. ಅಷ್ಟು ಹೊತ್ತಿಗೆ ಪಕ್ಕದ ಮನೆಯ ಆಂಟಿ ಹಿತ್ತಿಲ ಗೋಡೆಯ ಮೇಲಿಂದ ಎಲ್ಲ ನೋಡಿ ಅಮ್ಮನಿಗೆ ಪಿಸುಗುಟ್ಟಿದರು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಕಣೇ ಗಂಗಾ. ಅವರು ನಿನ್ನ ಕಮ್ಮಿ ಗೋಳು ಹುಯ್ಕೊಂಡ್ರಾ? ಈಗ ನಿನ್ನ ಕಾಲ ಬಂತು."

"ಅಂಥ ಕಾಲ ನಂಗೆ ಬೇಡ ಆಂಟಿ," ಅಂದಳು ಅಮ್ಮ.

ಅವತ್ತು ಸಂಜೆ ದೊಡ್ಡಪ್ಪ ಕಾಫಿ ಕುಡಿಯುವಾಗ ಅಮ್ಮ ಹೋಗಿ ಎದುರಿಗೆ ನಿಂತಳು. ಬರುವ ಭಾನುವಾರ ಕ್ರುಗ್ ಕೂರಬೇಕು, ಈ ಮನೆಗೆ ಯಜಮಾನರು ಯಾರೆಂದು ಎಲ್ಲರೂ ಸೇರಿ ಆರಿಸಬೇಕು, ಅಲ್ಲಿಯವರೆಗೆ ಅತ್ತೆಯ ಟ್ರಂಕು ಕಟ್ಟುವಂತಿಲ್ಲ ಎಂದಳು. ದೊಡ್ಡಪ್ಪ ನಕ್ಕರು. ಹಿರಿಮಗ ತಾನಿರುವಾಗ ಬೇರೆ ಯಾರನ್ನು ಆರಿಸುತ್ತಾರೆ? ಒಂದು ಸಭೆ ನಡೆದು ಅಲ್ಲಿ ಎಲ್ಲರೂ ಒಪ್ಪಿದರು ಎಂದಾದರೆ ಅವರಿಗೂ ಒಳ್ಳೆಯದೇ. "ಆಗ್ಲಿ ಬಿಡಮ್ಮ," ಅಂದರು. ಆದರೆ ಅಪ್ಪ ಮಹಡಿಗೆ ಬಂದು ಅವಳ ಮೇಲೆ ರೇಗಿದರು.

"ನಿಮ್ಮ ಕ್ರುಗ್‌ನಲ್ಲಿ ಹೆಂಗಸರೇ ಇರ್ಲಿಲ್ಲ. ನೀನೇ ಹೇಳಿದೀಯ. ಈಗ ಇಲ್ಲದ ಸಂಪ್ರದಾಯ ಹುಟ್ಟಿಸ್ತೀಯಾ?"

"ಇರ್ಲಿಲ್ಲ. ತಪ್ಪು ಅದು," ಅಂದಳು ಅಮ್ಮ. "ಗಂಡಸರೆಲ್ಲ ವರ್ಷಗಟ್ಟಲೆ ಯುದ್ಧಕ್ಕೆ ಹೋದಾಗ ಹೊಲ ಯಾರು ಉತ್ತಿದ್ದು, ಊರು ಯಾರು ಕಾದಿದ್ದು? ಹೆಂಗಸರೇ. ಕ್ರುಗ್‌ನಲ್ಲಿ ಮಾತ್ರ ಸ್ಥಳ ಇಲ್ಲ. ನಮ್ಮಜ್ಜಿ ಅದನ್ನ ಹೇಳಿ ಹೇಳಿ ಬೈಯೋಳು. ರಾಜಾಜಿನಗರದಲ್ಲಿ ಸ್ಥಳ ಇರತ್ತೆ."

"ಅಣ್ಣನ ಎದುರಿಗೆ ನಾನು ಮಾತಾಡಲ್ಲ."

"ನೀವು ಸುಮ್ನೆ ಕೂತ್ಕೊಳ್ಳಿ. ಸುಮ್ನೆ ಕೂರೋಕೂ ಬಳೇಲಿ ಜಾಗ ಇದೆ."

ಇಂಥ ಮಾತು ಆಡಿದ ಮೇಲೆ ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಆ ಗಟ್ಟಿತನ ನನಗೆ ಆಗ ಹೆದರಿಕೆ ಹುಟ್ಟಿಸುತ್ತಿತ್ತು. ಮುಂದೆ ನಾನೇ ಎಷ್ಟೋ ಕಡೆ, ಎಷ್ಟೋ ಗಂಡಸರ ನಡುವೆ ಕೂತು "ಇದು ಆಗಲ್ಲ" ಅನ್ನಬೇಕಾಗಿ ಬಂತು. ಆಗೆಲ್ಲ ನನ್ನ ಕೈ ತಾನೇ ತಾನಾಗಿ ಸೆರಗು ಸಿಕ್ಕಿಸುತ್ತಿತ್ತು.

ಭಾನುವಾರ ಬೆಳಗ್ಗೆ ಅಮ್ಮ ಹಾಲಿನಲ್ಲಿದ್ದ ಕುರ್ಚಿಗಳನ್ನೆಲ್ಲ ಹೊರಗಿಟ್ಟು, ಬಳೆಯಂತೆ ಚಾಪೆ ಹಾಸಿದಳು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಬಂದಿದ್ದರು. ಚಿಕ್ಕಪ್ಪ ಒಬ್ಬರೇ ಬಂದರು. ಅಜ್ಜಿ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ದೇವರ ಕೋಣೆಯ ಬಾಗಿಲ ಬಳಿಯ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಹೆಂಗಸರು ಏಕೆ ಎಂದು ದೊಡ್ಡಪ್ಪ ಗೊಣಗಿದಾಗ ಅವಳೇ ಬಾಯಿ ಬಿಟ್ಟಳು. ತಾತ ಹೋದ ಮೇಲೆ ಅವಳ ಗಟ್ಟಿ ದನಿ ನಾನು ಕೇಳಿದ್ದು ಅದೇ ಮೊದಲು.

"ಶರಣರ ಮಂಟಪದಾಗೆ ಹೆಂಗಸರು ಕೂತಿರ್ಲಿಲ್ವೇನೋ? ಇಲ್ಲಿ ಕೂತ್ರೆ ನಿಂಗೇನು ತೊಂದ್ರೆ?"

ಮೊದಲು ದೊಡ್ಡಪ್ಪ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು, ಮನೆಗೆ ಒಬ್ಬ ಹಿರಿಯ ಬೇಕು, ಅವ್ವನಿಗೆ ವಿಶ್ರಾಂತಿ ಬೇಕು ಎಂದರು. ಚಿಕ್ಕಪ್ಪ "ಎಲ್ಲರೂ ಹೇಳಿದ ಹಾಗೆ" ಅಂದರು, ಅವರ ಪಾಲಿಗೆ ಅದೇ ದೊಡ್ಡ ಬದಲಾವಣೆ. ಆಮೇಲೆ ದೊಡ್ಡಮ್ಮನ ಸರದಿ. ಗಂಡನ ಮುಂದೆ ಅವಳು ಕೂತದ್ದನ್ನೇ ನಾನು ನೋಡಿರಲಿಲ್ಲ. ಸೀರೆಯ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅತ್ತೆ ನಂಗೆ ಬೈದಿದಾರೆ, ಬಹಳ ಬೈದಿದಾರೆ," ಅಂದಳು. "ಆದ್ರೆ ನಾನು ಬಸುರಿ ಇದ್ದಾಗ ಏನು ತಿನ್ಬೇಕು ಅನ್ಸತ್ತೆ ಅಂತ ಕೇಳಿದ್ದು ಅವರೊಬ್ರೇ. ಇವ್ರು ಕೇಳ್ಲಿಲ್ಲ. ಬೆಲ್ಲ ಕೇಳ್ಕೊಂಡು ಅವರು ಹೊಸ್ತಿಲಲ್ಲಿ ನಿಂತ್ರೆ ಈ ಮನೇಲಿ ಅನ್ನ ಇಳಿಯಲ್ಲ ನಂಗೆ. ಅತ್ತೇನೇ ಇರ್ಲಿ."

ದೊಡ್ಡಪ್ಪ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದರು. ಅಮ್ಮ ನನ್ನ ಕಡೆ ತಿರುಗಿದಳು. ಮಗುವಿನ ಮಾತೇನು ಎಂದು ಅಪ್ಪ ತಡೆಯಲು ಹೋದರೆ, ಈ ಮನೆಯಲ್ಲಿ ಊಟ ಮಾಡುವವರೆಲ್ಲ ಮಾತಾಡಬೇಕು ಎಂದಳು. ಏನೋ ದೊಡ್ಡದು ಹೇಳಬೇಕೆಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ, ಒಂದೂ ನೆನಪಾಗಲಿಲ್ಲ.

"ಅಜ್ಜಿ ಹೋದ್ರೆ ಅಮ್ಮನ್ನ ಬೈಯೋರು ಯಾರು?" ಅಂದುಬಿಟ್ಟೆ.

ಮೊದಲು ನಕ್ಕವಳು ಅಜ್ಜಿ. ಆಮೇಲೆ ಎಲ್ಲರೂ ನಕ್ಕರು, ದೊಡ್ಡಪ್ಪ ಕೂಡ. ಅಪ್ಪ ಎದ್ದು ನಿಂತು, ಇಲ್ಲದ ಟೋಪಿ ತೆಗೆಯುವವರ ಹಾಗೆ ತಲೆಗೂದಲು ಸವರಿಕೊಂಡು, "ಅವ್ವ" ಎಂದಷ್ಟೇ ಹೇಳಿ ಕೂತರು. ಅಷ್ಟು ಸಾಕಾಗಿತ್ತು. ಅಮ್ಮ ಅಜ್ಜಿಯ ಎದುರು ಮಂಡಿಯೂರಿ ಮನೆಯ ಯಜಮಾನಿಕೆ ವಹಿಸಿಕೊಳ್ಳಿ ಎಂದು ಕೇಳಿದಳು. ಅಜ್ಜಿ ನನ್ನಿಂದ ಆಗಲ್ಲ ಅಂದಳು. ಮತ್ತೆ ಕೇಳಿದಳು, ವಯಸ್ಸಾಯ್ತು, ಬೇಡ ಅಂದಳು. ಮೂರನೆಯ ಸಲ ಕೇಳಿದಾಗ ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿ "ಆಗ್ಲಿ" ಅಂದಳು. ಅಮ್ಮ "ಲ್ಯೂಬೊ" ಎಂದು ಕೂಗಿದಳು, ನಾನೂ ಕೂಗಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಅಮ್ಮ ಹಿತ್ತಿಲಿಗೆ ಹೋಗಿ, ಕರಿಬೇವಿನ ಗಿಡದ ಬುಡದಿಂದ ಒಂದು ಬೊಗಸೆ ಹಸಿ ಮಣ್ಣು ತಂದಳು. ಅತಮಾನನಾದವನ ತಲೆಯ ಮೇಲೆ ಊರಿನವರು ಮಣ್ಣು ಹಾಕುವುದು ಅವಳ ಪೂರ್ವಿಕರ ಪದ್ಧತಿ. ಅದನ್ನು ಅವಳು ನಮಗ್ಯಾರಿಗೂ ಹೇಳಿರಲಿಲ್ಲ. ಅದರಲ್ಲಿ ಒಂದು ಹಿಡಿಯನ್ನು ಅವಳು ಅಜ್ಜಿಯ ನೆತ್ತಿಯ ಮೇಲೆ ಇಟ್ಟಳು.

ಲಿಂಗಾಯತರಲ್ಲಿ ಸತ್ತವರನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ, ಗುಂಡಿಯೊಳಗೆ ಕೂರಿಸುತ್ತಾರೆ. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ನೆತ್ತಿಯ ಮೇಲೆ ಹಿಡಿ ಮಣ್ಣು ಹಾಕುತ್ತಾರೆ. ಕೆಲವೇ ದಿನಗಳ ಹಿಂದೆ ಮೂವರು ಗಂಡುಮಕ್ಕಳೂ ತಾತನಿಗೆ ಹಾಗೆ ಹಾಕಿ ಬಂದಿದ್ದರು. ಆಗ ನಮ್ಮ ಮನೆಯ ಹೆಂಗಸರು ರುದ್ರಭೂಮಿಗೆ ಹೋಗುತ್ತಿರಲಿಲ್ಲ, ಆದ್ದರಿಂದ ಅಮ್ಮ ಅದನ್ನು ಕಂಡಿರಲಿಲ್ಲ. ಅವಳ ಊರಿನಲ್ಲೂ ಹಿಡಿ ಮಣ್ಣು ಹಾಕುತ್ತಾರಂತೆ, ಆದರೆ ಮುಚ್ಚಿದ ಪೆಟ್ಟಿಗೆಯ ಮೇಲೆ. ಕೂತ ಮನುಷ್ಯನ ತಲೆಯ ಮೇಲೆ ಮಣ್ಣು ಬಿದ್ದರೆ ನಮಗೆ ಏನು ಕಾಣುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ದೊಡ್ಡಮ್ಮ ಕಿರುಚಿದಳು. ಅಪ್ಪ ಗೋಡೆಗೆ ಒರಗಿದರು. ದೊಡ್ಡಪ್ಪ ಎದ್ದು ಬಂದು ಅಮ್ಮನ ಕೈ ತಳ್ಳಿದರು.

"ಜೀವ ಇರೋರಿಗೆ ಮಣ್ಣು ಹಾಕ್ತೀಯಾ? ಇದಕ್ಕಾ ಈ ನಾಟಕ ಎಲ್ಲ?"

ಅಪ್ಪ ಅವಳ ಭಾಷೆಯಲ್ಲಿ ಏನೋ ಹೇಳಿದರು. ಅಮ್ಮನ ಮುಖ ಬಿಳಿಚಿತು. ಬೊಗಸೆಯಲ್ಲಿ ಉಳಿದ ಮಣ್ಣನ್ನು ಚೆಲ್ಲಲೂ ಆಗದೆ ಹಿಡಿದುಕೊಳ್ಳಲೂ ಆಗದೆ ನಿಂತಳು. ಅವಳು ಅಷ್ಟು ಒಂಟಿಯಾಗಿ ನಿಂತದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಅಜ್ಜಿ ಮಾತ್ರ ಅಲ್ಲಾಡಲಿಲ್ಲ. ಮಣ್ಣು ಅವಳ ಬೈತಲೆಯಿಂದ ಹಣೆಯ ವಿಭೂತಿಯ ಮೇಲೆ ಇಳಿಯುತ್ತಿತ್ತು.

"ಯಾಕವ್ವ ಹಾಕಿದ್ದು?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅತ್ತೆ, ನಂಗೆ ಗೊತ್ತಿರ್ಲಿಲ್ಲ," ಅಂದಳು ಅಮ್ಮ. "ನಮ್ಮಲ್ಲಿ ದೊಡ್ಡವರಾದವರಿಗೆ ಹಾಕೋದು. ನಾವೇ ನಿಮ್ಮನ್ನ ಮೇಲೆ ಕೂರಿಸಿದ್ದು, ನೀವೂ ಇದೇ ಮಣ್ಣಿನೋರು, ಮರೀಬೇಡಿ ಅಂತ. ಇದು ಮರ್ಯಾದೆ ಅತ್ತೆ. ಸಾಯೋದಕ್ಕಲ್ಲ."

ಅಜ್ಜಿ ದೊಡ್ಡಪ್ಪನ ಕಡೆ ನೋಡಿದಳು.

"ನಿಮ್ಮಪ್ಪಂಗೆ ಮಣ್ಣು ಹಾಕಿ ಬಂದ್ಯಲ್ಲ, ಬಂದು ಕೈ ತೊಳ್ದು ನಂಗೂ ಹಾಕ್ದೆ. ಬೀಗದ ಕೈ ಕೇಳ್ದಾಗ ಅದೇ ಆತು. ಇವ್ಳು ಅದ್ರೊಳಗಿಂದ ನನ್ನ ಮ್ಯಾಲೆ ಎತ್ತೋಕೆ ಬಂದಾಳೆ. ಬೈಬ್ಯಾಡ ಅವ್ಳಿಗೆ."

ಅಮ್ಮನಿಗೆ ಉಳಿದದ್ದನ್ನೂ ಹಾಕು ಎಂದು ತಲೆ ಬಗ್ಗಿಸಿದಳು. ಅಮ್ಮ ಇನ್ನೊಂದಿಷ್ಟು ಹಾಕಿದಳು. ದೊಡ್ಡಮ್ಮ ಕಣ್ಣೊರೆಸಿಕೊಂಡು ಅಮ್ಮನ ಬೊಗಸೆಯಿಂದ ಒಂದು ಚಿಟಿಕೆ ತೆಗೆದು ಹಾಕಿದಳು. ಅಪ್ಪ, ಚಿಕ್ಕಪ್ಪ, ನಾನು, ಎಲ್ಲರೂ ಹಾಕಿದೆವು. ಅಜ್ಜಿಯ ನೆತ್ತಿ ಬಿಸಿಯಾಗಿತ್ತು, ಅದು ನನ್ನ ಬೆರಳಿಗೆ ಇವತ್ತೂ ನೆನಪಿದೆ. ದೊಡ್ಡಪ್ಪ ಮಾತ್ರ ದೂರ ನಿಂತಿದ್ದರು.

"ಬಾ," ಅಂದಳು ಅಜ್ಜಿ. "ನೀನು ಹಿರಿಮಗ. ನಿಜವಾಗ್ಲೂ ಹಾಕೋ ದಿನ ಮೊದ್ಲು ಹಾಕೋನು ನೀನೇ. ಆವತ್ತು ನಾನು ನೋಡೋಕಾಗಲ್ಲ. ಇವತ್ತು ನೋಡ್ತೀನಿ, ಹಾಕು."

ದೊಡ್ಡಪ್ಪ ಬಂದು ಮಂಡಿಯೂರಿದರು. ಒಂದು ಹರಳಿನಷ್ಟು ಮಣ್ಣು ತೆಗೆದುಕೊಂಡು ತಾಯಿಯ ತಲೆಯ ಮೇಲಿಟ್ಟು, ಇಟ್ಟ ಕೈಯನ್ನು ಅಲ್ಲಿಂದ ತೆಗೆಯದೆ ಬಿಕ್ಕಿ ಬಿಕ್ಕಿ ಅತ್ತರು. ಅಳಲಿ ಎಂದು ಅಜ್ಜಿ ಬಿಟ್ಟಳು. ಅಳು ನಿಂತ ಮೇಲೆ ಅವರು ಜೇಬಿನಿಂದ ಬೀಗದ ಕೈ ತೆಗೆದು ಅವಳ ಮಡಿಲಿಗೆ ಹಾಕಿದರು. ಅವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ತಲೆಗೆ ನೀರು ಹಾಕ್ಕೋಬೇಕು," ಅಂದಳು. "ಹೋಗು, ಹಂಡೆ ಒಲೆಗೆ ಉರಿ ಹಾಕು."

ದೊಡ್ಡಪ್ಪ ತಬ್ಬಿಬ್ಬಾದರು. "ನಾನಾ?"

"ಹೂಂ, ನೀನೇ."

ಅವರು ಎದ್ದು ಹಿತ್ತಿಲಿಗೆ ಹೋದರು. ಒಂದೆರಡು ಕಡ್ಡಿ ಗೀರಿದ ಸದ್ದು ಕೇಳಿಸಿತು. ಬಚ್ಚಲಮನೆಯಿಂದ ಹೊಗೆ ಬಂತು, ಆಮೇಲೆ ಕೆಮ್ಮು, ಆಮೇಲೆ ಊದುಕೊಳವೆಯ ಸದ್ದು, ಮತ್ತೆ ಕೆಮ್ಮು. ದೊಡ್ಡಮ್ಮ ತಡೆಯಲಾರದೆ ಎದ್ದು ಆ ಕಡೆ ಹೊರಟಳು.

"ಕೂತ್ಕೊ," ಅಂದಳು ಅಜ್ಜಿ. "ನಿಂಗೆ ಹೇಳಿಲ್ಲ."